25 ಲೀಟರಿನ ಗೆರೆ

ಕಾಶಿಯ ಕೇದಾರ ಘಾಟಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಕೆಂಪು ಬಿಳಿ ಪಟ್ಟೆಯ ಗೋಡೆಗಳ ಕೇದಾರೇಶ್ವರ ಗುಡಿ, ಮೆಟ್ಟಿಲುಗಳ ನಡುವೆ ಗೌರಿಕುಂಡ, ಹತ್ತಿರದಲ್ಲೇ ಕುಮಾರಸ್ವಾಮಿ ಮಠ, ದಕ್ಷಿಣಕ್ಕೆ ಹರಿಶ್ಚಂದ್ರ ಘಾಟ್ ದಾಟಿದರೆ ಕರ್ನಾಟಕ ಘಾಟ್, ಹನುಮಾನ್ ಘಾಟ್. ದಕ್ಷಿಣದವರು ತಲೆಮಾರುಗಳಿಂದ ಗಂಟುಮೂಟೆ ಇಳಿಸುತ್ತ ಬಂದಿರುವ ಸೀಮೆ ಇದು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ಯಾತ್ರೆ ರೈಲು ಹೊರಟಿತು, ಮುಜರಾಯಿ ಇಲಾಖೆಯ ಸಹಾಯಧನವೂ ಜೊತೆಗೆ ಸೇರಿತು. ನಮ್ಮ ಕಡೆಯ ಯಾತ್ರಿಕರಿಗೆ ಕಾಶಿ ಇನ್ನಷ್ಟು ಹತ್ತಿರವಾಯಿತು. ಚಳಿಗಾಲದ ಬೆಳಗ್ಗೆ ಗಂಗೆಯಲ್ಲಿ ಮುಳುಗೆದ್ದು ನಡುಗುತ್ತ ಮೇಲೆ ಬಂದವರಿಗೆ ಮೊದಲು ಬೇಕಾಗುವುದು ಬಿಸಿ ಕಾಫಿ. ಆ ಕಾಫಿಯ ಹಬೆ ಎಂಥ ಪಾತ್ರೆಯಲ್ಲಿ ಹುಟ್ಟುತ್ತದೆ, ಆ ಪಾತ್ರೆಯನ್ನು ಯಾರು ಪರೀಕ್ಷಿಸುತ್ತಾರೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ನಮ್ಮ ಫಿಲ್ಟರ್ ಕಾಫಿಗೆ ಒತ್ತಡದ ಹಂಗಿಲ್ಲ. ಡಿಕಾಕ್ಷನ್ ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುತ್ತದೆ, ಹಾಲು ತೆರೆದ ಪಾತ್ರೆಯಲ್ಲಿ ಕಾಯುತ್ತದೆ. ಉತ್ತರದ ಮದುವೆಮನೆಗಳಲ್ಲೂ ಚಳಿಗಾಲದ ಬೀದಿಬದಿಯಲ್ಲೂ ಸಿಗುವ ‘ಎಸ್ಪ್ರೆಸೊ ಕಾಫಿ’ಯ ಕಥೆ ಬೇರೆ. ಮೇಜಿನ ಮೇಲೊಂದು ಉಕ್ಕಿನ ಅಥವಾ ಹಿತ್ತಾಳೆಯ ಡ್ರಮ್ಮು, ಅಡಿಯಲ್ಲಿ ಗ್ಯಾಸ್ ಬರ್ನರ್, ನೆತ್ತಿಯಲ್ಲಿ ಸೇಫ್ಟಿ ವಾಲ್ವ್, ಎದುರಿಗೆ ಪ್ರೆಶರ್ ಗೇಜ್, ಪಕ್ಕಕ್ಕೆ ಬಾಗಿದ ಹಬೆಯ ನಳಿಗೆ. ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿ ಹಾಕಿದ ಮಗ್ಗಿನೊಳಗೆ ನಳಿಗೆ ಅದ್ದಿ ತಿರುಪು ತಿರುಗಿಸಿದರೆ ಬುಸ್ಸೆಂದು ಹಬೆ ನುಗ್ಗಿ ನೊರೆ ಏಳುತ್ತದೆ. ಮೇಲೊಂದು ಚಿಟಿಕೆ ಕೋಕೋ ಪುಡಿ. ಮಿಲಾನಿನ ಲುಯಿಜಿ ಬೆಜ಼ೆರಾ 1901ರಲ್ಲಿ ಪೇಟೆಂಟ್ ಮಾಡಿಸಿದ ಯಂತ್ರವೂ ಹಬೆಯ ಒತ್ತಡದಿಂದಲೇ ಕಾಫಿ ಇಳಿಸುತ್ತಿತ್ತು. ಇಂದಿನ ಕೆಫೆಗಳ ಯಂತ್ರದಲ್ಲಿ ಕಾಫಿಗೆ ಪಂಪು ಬಂದಿದೆ, ಆದರೆ ನೊರೆಗೆ ಬೇಕಾದ ಹಬೆಯನ್ನು ಕೂಡಿಡುವ ಬಾಯ್ಲರ್ ಹಾಗೆಯೇ ಒಳಗಿದೆ.

ಈಗ ಕಾನೂನಿಗೆ ಬರೋಣ. ಭಾರತದಲ್ಲಿ ಬಾಯ್ಲರ್ ತಪಾಸಣೆ ಹುಟ್ಟಿದ್ದೇ ಅಪಘಾತದಿಂದ. 1863ರಲ್ಲಿ ಕಲ್ಕತ್ತೆಯಲ್ಲಿ ಭಾರಿ ಬಾಯ್ಲರ್ ಸ್ಫೋಟವಾಯಿತು, 1864ರಲ್ಲಿ ಬಂಗಾಳದ ಕಾಯ್ದೆ ಬಂತು. ಪ್ರಾಂತಕ್ಕೊಂದು ನಿಯಮ ಎಂಬಂತಿದ್ದುದನ್ನು 1923ರ ಭಾರತೀಯ ಬಾಯ್ಲರ್ ಕಾಯ್ದೆ ಒಂದುಗೂಡಿಸಿತು, 1950ರ ನಿಯಮಾವಳಿ ಅದಕ್ಕೆ ತಾಂತ್ರಿಕ ಬೆನ್ನೆಲುಬು ಕೊಟ್ಟಿತು. ತಗಡಿನ ದಪ್ಪ, ಬೆಸುಗೆ, ಹೈಡ್ರಾಲಿಕ್ ಟೆಸ್ಟ್, ನೋಂದಣಿ, ಅವಧಿ ಮುಗಿಯುವ ಪ್ರಮಾಣಪತ್ರ ಎಲ್ಲವೂ ಅದರಲ್ಲಿವೆ. ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ವಿದ್ಯುತ್ ಸ್ಥಾವರಗಳ ಮಟ್ಟಿಗೆ ಇದು ಕೆಲಸ ಮಾಡಿದ ಕಾನೂನು ಎನ್ನಲು ಅಡ್ಡಿಯಿಲ್ಲ. ಶತಮಾನ ದಾಟಿದ ಆ ಕಾಯ್ದೆಯ ಜಾಗಕ್ಕೆ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ.

ತೊಡಕಿರುವುದು ಬಾಯ್ಲರ್ ಎಂದರೆ ಯಾವುದು ಎಂಬ ವ್ಯಾಖ್ಯೆಯಲ್ಲಿ. 2007ರ ತಿದ್ದುಪಡಿ ಎಳೆದ ಗೆರೆಯನ್ನೇ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ: 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ, ಚದರ ಸೆಂಟಿಮೀಟರಿಗೆ 1 ಕೆ.ಜಿ.ಗಿಂತ ಕಡಿಮೆ ಒತ್ತಡದ ಪಾತ್ರೆ, ನೀರನ್ನು 100 ಡಿಗ್ರಿಗಿಂತ ಕೆಳಗೆ ಕಾಯಿಸುವ ಪಾತ್ರೆ, ಇವು ಬಾಯ್ಲರ್ ಅಲ್ಲ. ಮೂರರಲ್ಲಿ ಒಂದು ಹೊಂದಿದರೂ ಸಾಕು, ಕಾನೂನಿನಿಂದ ಹೊರಗೆ. ಕೆಫೆಯಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಗ್ರೂಪಿನ (ಕಾಫಿ ಇಳಿಯುವ ಎರಡು ತಲೆಗಳ) ಕಾಫಿ ಯಂತ್ರದ ಬಾಯ್ಲರ್ 10ರಿಂದ 14 ಲೀಟರ್ ಹಿಡಿಯುತ್ತದೆ. ಮೂರು ಗ್ರೂಪಿನ ದೊಡ್ಡ ಯಂತ್ರದ್ದೂ 20 ಲೀಟರಿನ ಆಸುಪಾಸು. ಒತ್ತಡ ಒಂದರಿಂದ ಒಂದೂವರೆ ಕೆ.ಜಿ., ಶಾಖ 120 ಡಿಗ್ರಿಗೂ ಮೇಲೆ. ಒತ್ತಡ, ಶಾಖ ಎರಡರಲ್ಲೂ ಬಾಯ್ಲರ್ ಎನಿಸಿಕೊಳ್ಳುವ ಯಂತ್ರ ಗಾತ್ರವೊಂದರಿಂದಲೇ ನುಣುಚಿಕೊಳ್ಳುತ್ತದೆ.

ಈ ಗಾತ್ರ ಎಷ್ಟು ಚಿಕ್ಕದು? 12 ಲೀಟರ್ ನೀರು ಒಂದೂಕಾಲು ಕೆ.ಜಿ. ಒತ್ತಡದಲ್ಲಿ ಸುಮಾರು 124 ಡಿಗ್ರಿ ಬಿಸಿಯಾಗಿ ನಿಂತಿದೆ ಎಂದುಕೊಳ್ಳಿ. ಪಾತ್ರೆ ಬಿರಿದರೆ ಒತ್ತಡ ಒಮ್ಮೆಲೇ ಬಿದ್ದುಹೋಗುತ್ತದೆ. 100 ಡಿಗ್ರಿಗಿಂತ ಹೆಚ್ಚಿದ್ದ ಶಾಖವೆಲ್ಲ ಆ ಕ್ಷಣದಲ್ಲೇ ನೀರನ್ನು ಹಬೆಯಾಗಿಸಲು ತೊಡಗುತ್ತದೆ. ಲೆಕ್ಕ ಹಾಕಿದರೆ ಅರ್ಧ ಲೀಟರಿನಷ್ಟು ನೀರು ಹಬೆಯಾಗುತ್ತದೆ. ಆ ಅರ್ಧ ಲೀಟರ್ ನೀರು 800 ಲೀಟರಿಗೂ ಹೆಚ್ಚು ಹಬೆಯಾಗಿ ಹಿಗ್ಗುತ್ತದೆ, ಉಳಿದ ಕುದಿನೀರನ್ನೂ ತಗಡಿನ ಚೂರುಗಳನ್ನೂ ಹೊತ್ತು ನುಗ್ಗುತ್ತದೆ. ಕಾರ್ಖಾನೆಯ ಬಾಯ್ಲರಿಗೆ ಪ್ರತ್ಯೇಕ ಮನೆಯಿದೆ, ಅಲ್ಲಿಗೆ ಹೊರಗಿನವರಿಗೆ ಪ್ರವೇಶವಿಲ್ಲ. ಕಾಫಿ ಯಂತ್ರದ ಬಾಯ್ಲರಿಗೂ ಗಿರಾಕಿಯ ಮುಖಕ್ಕೂ ನಡುವೆ ಇರುವುದು ಒಂದು ಮೇಜು. ಕಾಶಿಯ ಗಲ್ಲಿಯಲ್ಲಿ ಹಿಂದಕ್ಕೆ ಸರಿಯಲೂ ಜಾಗವಿಲ್ಲ. ಅಪಾಯವನ್ನು ಅಳೆಯುವಾಗ ಪಾತ್ರೆ ಎಷ್ಟು ಹಿಡಿಯುತ್ತದೆ ಎಂಬಷ್ಟೇ ಅದರ ಸುತ್ತ ಎಷ್ಟು ಜನ, ಎಷ್ಟು ಹತ್ತಿರ ನಿಂತಿರುತ್ತಾರೆ ಎಂಬುದೂ ಮುಖ್ಯ. ಕಾಯ್ದೆ ಮೊದಲನೆಯದನ್ನಷ್ಟೇ ಕೇಳುತ್ತದೆ.

ಇದು ಬರೀ ಲೆಕ್ಕದ ಭಯವಲ್ಲ. 2010ರಲ್ಲಿ ಇಂಗ್ಲೆಂಡಿನ ಫಾರ್ನ್‌ಹ್ಯಾಮ್ ಪಟ್ಟಣದ ಸೂಪರ್‌ಮಾರ್ಕೆಟ್ಟೊಂದರ ಕೆಫೆಯಲ್ಲಿ ಕಾಫಿ ಯಂತ್ರ ಸಿಡಿದು ಹಲವರು ಗಾಯಗೊಂಡರು. ನಮ್ಮಲ್ಲೇ 2025ರ ಫೆಬ್ರವರಿಯಲ್ಲಿ ಕೊಚ್ಚಿಯ ಕಲೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಸ್ಟೀಮರ್ ಸಿಡಿದು ಕೆಲಸಗಾರನೊಬ್ಬ ಸತ್ತ, ಮತ್ತೆ ಕೆಲವರು ಗಾಯಗೊಂಡರು. ಕಾಯ್ದೆಯ ಪ್ರಕಾರ ಬಾಯ್ಲರ್ ಅಪಘಾತವಾದರೆ 24 ಗಂಟೆಯೊಳಗೆ ಇನ್‌ಸ್ಪೆಕ್ಟರಿಗೆ ವರದಿ ಹೋಗಬೇಕು. ಆದರೆ ಬಾಯ್ಲರ್ ಎಂದೇ ಕರೆಸಿಕೊಳ್ಳದ ಪಾತ್ರೆ ಸಿಡಿದರೆ ಇನ್‌ಸ್ಪೆಕ್ಟರ ಲೆಕ್ಕದಲ್ಲಿ ಬರೆಯಲು ಜಾಗವಿಲ್ಲ. ಲೆಕ್ಕವಿಲ್ಲದ್ದರಿಂದ ಅಪಾಯವೂ ಇಲ್ಲ ಎಂದು ವಾದಿಸುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಹಾಗಾದರೆ ಈಗ ಯಾರೂ ಏನೂ ನೋಡುವುದಿಲ್ಲವೇ? ಆಹಾರ ಸುರಕ್ಷತೆಯವರು ನೀರು, ಹಾಲು, ಶುಚಿತ್ವ ನೋಡುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಮಾಣಪತ್ರ ಯಾರು ಎಲ್ಲಿ ಕೂರಬಹುದು ಎಂದು ಹೇಳುತ್ತದೆ. ಗ್ಯಾಸಿನ ನಿಯಮಗಳು 19 ಕೆ.ಜಿ. ಸಿಲಿಂಡರಿನ ಬಳಿ ನಿಂತುಬಿಡುತ್ತವೆ. ಸಿಲಿಂಡರಿಗೂ ಕಪ್ಪಿಗೂ ನಡುವೆ ನಿಂತ ಡ್ರಮ್ಮು ಯಾರ ಪಾಲಿಗೂ ಇಲ್ಲ. ಅದರ ಗತಿ ಏನು ಎಂದರೆ ‘ಮಿಸ್ತ್ರಿ ನೋಡ್ಕೊಳ್ತಾನೆ’ ಎಂಬ ಮಾತು. ದೊಡ್ಡ ಕೆಫೆಯಾದರೆ ಅದೇ ಮಾತು ‘ಎ.ಎಂ.ಸಿ. (ವಾರ್ಷಿಕ ನಿರ್ವಹಣಾ ಒಪ್ಪಂದ) ಇದೆ’ ಎಂದಾಗುತ್ತದೆ.

ಇಲ್ಲಿ ಸರ್ವಿಸ್ ಬೇರೆ, ತಪಾಸಣೆ ಬೇರೆ ಎಂಬುದನ್ನು ಒತ್ತಿ ಹೇಳಬೇಕು. ಸರ್ವಿಸಿನವನು ಬರುವುದು ಕಾಫಿ ಚೆನ್ನಾಗಿ ಇಳಿಯಲಿ ಎಂದು. ಗ್ಯಾಸ್ಕೆಟ್ ಬದಲಿಸುತ್ತಾನೆ, ಜಾಲರಿ ತೊಳೆಯುತ್ತಾನೆ, ಉಪ್ಪು ಕಟ್ಟಿದ್ದರೆ ಆಸಿಡ್ ಹಾಕಿ ತೆಗೆಯುತ್ತಾನೆ. ತಪಾಸಣೆಯ ಪ್ರಶ್ನೆ ಒಂದೇ: ಉಳಿದೆಲ್ಲ ಕೈಕೊಟ್ಟಾಗಲೂ ಈ ಪಾತ್ರೆ ತಡೆಯುತ್ತದೆಯೇ? ಅದಕ್ಕೆ ಎರಡು ಹಂತ. ಮೊದಲು ಯಂತ್ರ ತಣ್ಣಗಿರುವಾಗ ನೀರು ಖಾಲಿ ಮಾಡಿ, ಹೊದಿಕೆ ಬಿಚ್ಚಿ, ಬೆಳಕು ಹಾಯಿಸಿ ಒಳಗೆ ನೋಡಬೇಕು: ಬೆಸುಗೆಯ ಗೆರೆಯಲ್ಲಿ ಸೀಳು, ಎಲಿಮೆಂಟ್ ಕೂರುವ ಕಡೆ ಸವಕಲು, ಹಿತ್ತಾಳೆಯ ಜೋಡಣೆಗಳಲ್ಲಿ ತುಕ್ಕು. ಆಮೇಲೆ ಬಿಸಿ ಮಾಡಿ, ಒತ್ತಡ ಏರಿಸಿ, ಗೇಜಿನ ಮುಳ್ಳು ಸತ್ಯ ಹೇಳುತ್ತದೆಯೇ ಎಂದು ಬೇರೊಂದು ಗೇಜಿಗೆ ಹೋಲಿಸಬೇಕು; ನಿಗದಿತ ಒತ್ತಡಕ್ಕೆ ಸ್ವಿಚ್ಚು ಕಡಿಯುತ್ತದೆಯೇ, ಅದನ್ನು ಮೀರಿದಾಗ ಸೇಫ್ಟಿ ವಾಲ್ವ್ ಬಾಯಿ ಬಿಡುತ್ತದೆಯೇ, ನೀರು ಇಳಿದಾಗ ಶಾಖ ನಿಲ್ಲುತ್ತದೆಯೇ ಎಂದು ಕಣ್ಣಾರೆ ಕಾಣಬೇಕು.

ಗ್ಯಾಸಿನ ಡ್ರಮ್ಮಿನಲ್ಲಿ ವಾಲ್ವಿನ ಹೊಣೆ ಇನ್ನೂ ಹೆಚ್ಚು. ವಿದ್ಯುತ್ ಯಂತ್ರದಲ್ಲಿ ಒತ್ತಡ ಏರಿದರೆ ಮೊದಲು ಸ್ವಿಚ್ಚು ತಡೆಯುತ್ತದೆ, ವಾಲ್ವ್ ಕೊನೆಯ ಕಾವಲು. ಡ್ರಮ್ಮಿನಲ್ಲಿ ಉರಿ ತಗ್ಗಿಸುವುದು ಕಾಫಿ ಮಾಡುವವನ ಕೈ. ಗಿರಾಕಿ ಮುತ್ತಿಕೊಂಡಾಗ ಆ ಕೈಗೆ ಬಿಡುವಿಲ್ಲ. ಇನ್ನು ನೀರು. ಗಂಗೆಯ ಬಯಲಿನ ಬೋರ್‌ವೆಲ್ ನೀರು ಗಡುಸು. ದಿನವೂ ಕುದಿದಂತೆ ಪದರ ಪದರವಾಗಿ ಸುಣ್ಣ ಕಟ್ಟುತ್ತದೆ. ಅದರ ಒಂದು ಕಣ ವಾಲ್ವಿನ ಸೀಟಿನಲ್ಲಿ ಕೂತರೆ ವಾಲ್ವ್ ಸೋರಲು ಶುರು. ಸೋರುವ ವಾಲ್ವನ್ನು ಬಿಚ್ಚಿ ತೊಳೆಯುವುದು ಅಥವಾ ಬದಲಿಸುವುದು ಸರಿಯಾದ ದಾರಿ. ಸುಲಭದ ದಾರಿಯೆಂದರೆ ಸ್ಪ್ರಿಂಗಿನ ತಿರುಪನ್ನು ಒಂದು ಸುತ್ತು ಬಿಗಿ ಮಾಡುವುದು. ಸೋರುವುದು ನಿಲ್ಲುತ್ತದೆ, ಮೇಜು ಒಣಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಒಂದು ಮುಕ್ಕಾಲು ಕೆ.ಜಿ.ಗೆ ತೆರೆಯಬೇಕಿದ್ದ ವಾಲ್ವ್ ಈಗ ಎಷ್ಟಕ್ಕೆ ತೆರೆಯುತ್ತದೆಂದು ಬಿಗಿ ಮಾಡಿದವನಿಗೂ ಗೊತ್ತಿರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಹೊರಗಿನವರೊಬ್ಬರು ಬಂದು ಹಬೆ ಏರಿಸಿ ನೋಡಬೇಕಾಗಿರುವುದು ಇದಕ್ಕಾಗಿ.

ಬ್ರಿಟನ್ ಈ ಸಮಸ್ಯೆಗೆ ಬೇರೆ ಬಗೆಯಲ್ಲಿ ಉತ್ತರಿಸಿದೆ. ಅಲ್ಲಿನ ಪ್ರೆಶರ್ ಸಿಸ್ಟಮ್ಸ್ ಸೇಫ್ಟಿ ರೆಗ್ಯುಲೇಷನ್ಸ್ 2000 ಹಬೆಯ ವಿಷಯದಲ್ಲಿ ಗಾತ್ರದ ರಿಯಾಯಿತಿ ಕೊಡುವುದಿಲ್ಲ. ಎಷ್ಟೇ ಒತ್ತಡದ ಹಬೆಯಾದರೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೂಲೆಯ ಕೆಫೆಯ ಯಂತ್ರಕ್ಕೂ ಲಿಖಿತ ತಪಾಸಣಾ ಯೋಜನೆ ಇರಬೇಕು, ಅದರಂತೆ ತಜ್ಞರು ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ ನೋಡಿ ವರದಿ ಬರೆಯಬೇಕು. ಅಲ್ಲೂ ಎಲ್ಲ ಸರಿಯಿಲ್ಲ: ನಿಯಮವಿದ್ದೂ ಫಾರ್ನ್‌ಹ್ಯಾಮ್ ನಡೆಯಿತು. ಆ ನಿಯಮದ ಗುಣ ಬೇರೆಡೆ ಇದೆ. ಅಪಘಾತವಾದಾಗ ‘ಕೊನೆಯ ತಪಾಸಣೆ ಯಾವಾಗ, ಮಾಡಿದವರು ಯಾರು’ ಎಂದು ಕೇಳಲು ಅಲ್ಲಿ ದಾರಿಯಿದೆ. ನಮ್ಮಲ್ಲಿ ಆ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂಬುದೇ ತಿಳಿಯುವುದಿಲ್ಲ.

25 ಲೀಟರಿನ ಗೆರೆಯ ಪರವಾಗಿಯೂ ಮಾತಿದೆ, ಅದನ್ನು ತಳ್ಳಿಹಾಕಲಾಗದು. ಬಾಯ್ಲರ್ ಇನ್‌ಸ್ಪೆಕ್ಟರು ಪ್ರತಿ ಕಾಫಿ ಅಂಗಡಿಯ ಬಾಗಿಲು ತಟ್ಟತೊಡಗಿದರೆ ಸುರಕ್ಷತೆಗಿಂತ ಮೊದಲು ಮಾಮೂಲು ಒಳಗೆ ಬರುತ್ತದೆ. ಬೀದಿಯಲ್ಲಿ ಕೂತವನಿಗೆ ಪೊಲೀಸು, ನಗರಪಾಲಿಕೆ ಸಾಲದೆಂಬಂತೆ ಮೂರನೆಯ ಕೈ. ಕಾರ್ಖಾನೆಯ ಬಾಯ್ಲರುಗಳನ್ನೇ ಇಲಾಖೆಯೊಂದೇ ನೋಡಿ ಮುಗಿಸಲಾಗದೆ 2007ರಿಂದ ಹೊರಗಿನ ತಜ್ಞರಿಗೂ ತಪಾಸಣೆಯ ಅವಕಾಶ ಕೊಟ್ಟಿದ್ದಾರೆ. ಈ ವಾದ ನ್ಯಾಯವಾದದ್ದೇ. ಆದರೆ ಅದು ಕಾರ್ಖಾನೆಯ ತಪಾಸಣೆಯನ್ನು ಕಾಫಿ ಅಂಗಡಿಗೆ ತರಬೇಡಿ ಎಂದಷ್ಟೇ ಹೇಳುತ್ತದೆ. ತಪಾಸಣೆಯೇ ಬೇಡ ಎಂಬುದು ಅದರಿಂದ ಹೊರಡುವುದಿಲ್ಲ.

ನಡುವಿನ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಮನೆಯ ಪ್ರೆಶರ್ ಕುಕ್ಕರನ್ನು ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಆದರೆ 2020ರ ಗುಣಮಟ್ಟ ನಿಯಂತ್ರಣ ಆದೇಶದಿಂದಾಗಿ ಐ.ಎಸ್.ಐ. ಗುರುತಿಲ್ಲದ ಕುಕ್ಕರನ್ನು ಮಾರುವಂತಿಲ್ಲ. ಹೊಣೆ ಮಾಡಿ ಮಾರುವವನ ಮೇಲೆ ಬಿತ್ತು, ಬಳಸುವವಳ ಮೇಲಲ್ಲ. ನಾಲ್ಕು ಜನರ ಅನ್ನ ಬೇಯಿಸುವ ಕುಕ್ಕರಿಗೆ ಬೇಕೆನಿಸಿದ ಗುರುತು ಜಾತ್ರೆಯ ಜನರ ನಡುವೆ ಇಡೀ ದಿನ ಹಬೆ ಕಾರುವ ಡ್ರಮ್ಮಿಗೆ ಬೇಡವೆನಿಸಿದ್ದು ವಿಚಿತ್ರ. ಮಾರಾಟಕ್ಕೆ ಮುನ್ನ ಮಾದರಿ ಪರೀಕ್ಷೆ, ಪಾತ್ರೆಯ ಮೇಲೆ ಗರಿಷ್ಠ ಒತ್ತಡ ಕೆತ್ತಿದ ತಗಡು, ಬಳಸುವವನು ಬಿಗಿ ಮಾಡಲಾಗದಂತೆ ಮೊಹರು ಮಾಡಿದ ವಾಲ್ವ್, ವರ್ಷಕ್ಕೊಮ್ಮೆ ತರಬೇತಾದ ತಂತ್ರಜ್ಞನಿಂದ ಪರೀಕ್ಷೆ, ದಿನಾಂಕದೊಂದಿಗೆ ಅಂಟಿಸಿದ ಚೀಟಿ: ಇಷ್ಟಾದರೆ ಸಾಕು. ಇದರಲ್ಲಿ ಕರ್ನಾಟಕಕ್ಕೊಂದು ಹೊಣೆಯಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ನಮ್ಮದು; ಬೆಂಗಳೂರಿನ ಕಾಫಿ ಬೋರ್ಡ್ ‘ಕಾಪಿ ಶಾಸ್ತ್ರ’ ಎಂಬ ತರಬೇತಿಯನ್ನೂ ನಡೆಸುತ್ತದೆ. ಬೀಜ ಹುರಿಯುವುದನ್ನು, ಕಾಫಿ ಇಳಿಸುವುದನ್ನು ಕಲಿಸುವವರು ಬಾಯ್ಲರ್ ನೋಡುವುದನ್ನೂ ಕಲಿಸಲಿ.

ಒಟ್ಟಿನಲ್ಲಿ ಬಾಯ್ಲರ್ ಕಾಯ್ದೆ ಕಾರ್ಖಾನೆಯ ಗೋಡೆಯೊಳಗೆ ಬಿಗಿ, ಬೀದಿಗೆ ಬಂದರೆ ಕುರುಡು. 2025ರಲ್ಲಿ ಹೊಸದಾಗಿ ಬರೆಯುವಾಗ ಇದನ್ನು ತಿದ್ದುವ ಅವಕಾಶವಿತ್ತು. ಹಳೆಯ ಗೆರೆಯನ್ನೇ ನಕಲು ಮಾಡಿದರು. ಕಾಯ್ದೆ ತನ್ನನ್ನು ತಿದ್ದಿಕೊಳ್ಳುವ ತನಕ ಕೇದಾರ ಘಾಟಿನಲ್ಲಾಗಲಿ ಗಾಂಧಿ ಬಜಾರಿನಲ್ಲಾಗಲಿ ಕಾಫಿಗೆ ನಿಂತವರು ಒಂದಷ್ಟು ನೋಡಿಕೊಳ್ಳಬಹುದು. ಗೇಜಿನ ಗಾಜು ಒಡೆದಿದ್ದರೆ, ಮುಳ್ಳು ಕೆಂಪು ಗೆರೆಯ ಆಚೆ ಇದ್ದರೆ, ಸೇಫ್ಟಿ ವಾಲ್ವಿಗೆ ತಂತಿ ಸುತ್ತಿದ್ದರೆ ಅಥವಾ ಅದರ ಬಾಯಿ ನಿಮ್ಮ ಕಡೆಗೇ ತಿರುಗಿದ್ದರೆ, ಅಂಗಡಿಯವನಿಗೆ ಒಂದು ಮಾತು ಹೇಳಿ, ಮುಂದಿನ ಅಂಗಡಿಗೆ ನಡೆಯಿರಿ.