ತಾಯಿಯ ಅಡಿಗೆಮನೆ ಮಾರುಕಟ್ಟೆಗೆ ಬಂದಾಗ: ರಾಗಿ ಸರಿಯ ಗೃಹೋದ್ಯಮದ ಒಂದು ವಿಮರ್ಶೆ

ತನ್ನ ಮಗುವಿಗೆಂದು ಮನೆಯಲ್ಲಿ ಮಾಡಿದ ರಾಗಿ ಸರಿ, ಹುರಿಹಿಟ್ಟು, ಮೊಳಕೆಕಾಳಿನ ಪುಡಿ, ಸಿರಿಧಾನ್ಯದ ದೋಸೆಹಿಟ್ಟು ಮೊದಲಾದವನ್ನು ಮೊದಲು ನೆಂಟರಿಗೆ, ಆಮೇಲೆ ನೆರೆಹೊರೆಯವರಿಗೆ, ಮುಂದೆ ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಮ್‌ಗಳ ಮೂಲಕ ಅಪರಿಚಿತರಿಗೂ ಮಾರುವ ತಾಯಂದಿರ ಗೃಹೋದ್ಯಮ ಇಂದು ಬೆಂಗಳೂರು, ಮೈಸೂರುಗಳಂಥ ನಗರಗಳಲ್ಲಿ ಎದ್ದು ಕಾಣುವಷ್ಟು ಬೆಳೆದಿದೆ. ಈ ಉದ್ಯಮದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಪಾಲು ಸಾಧಕಿಯ ಪರಿಚಯಗಳಾಗಿದ್ದು, ಆಕೆಯ ಛಲ, ಕುಟುಂಬದ ಬೆಂಬಲ ಮತ್ತು ವಹಿವಾಟಿನ ಏರಿಕೆಗಳನ್ನು ಹೇಳಿ ಮುಗಿಯುತ್ತವೆ. ಆಕೆ ತಯಾರಿಸುವ ಪದಾರ್ಥದ ಗುಣವನ್ನು, ಅದರ ಹಿಂದಿನ ವಿಧಾನವನ್ನು, ಅದು ಕೊಳ್ಳುವವರಿಗೆ ಕೊಡುವ ಭರವಸೆಯ ನಿಜಾಂಶವನ್ನು ತೂಗಿ ನೋಡುವ ಪ್ರಯತ್ನ ವಿರಳ. ಈ ಕೊರತೆ ಆ ತಾಯಂದಿರಿಗೇ ಅನ್ಯಾಯ ಮಾಡುತ್ತದೆ, ಏಕೆಂದರೆ ಹೊಗಳಿಕೆಗೆ ಪಾತ್ರವಾದ ಕೆಲಸವನ್ನು ಕೆಲಸವೆಂದು ಗಂಭೀರವಾಗಿ ಪರಿಶೀಲಿಸಿದಾಗ ಮಾತ್ರ ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲುತ್ತದೆ. ಇಡೀ ಕ್ಷೇತ್ರವನ್ನು ಒಟ್ಟಾಗಿ ಹಿಡಿಯುವುದಕ್ಕಿಂತ ಅದರ ನಡುವಿನಲ್ಲಿರುವ ಒಂದೇ ಪದಾರ್ಥವನ್ನು, ಅಂದರೆ ಎಳೆಮಕ್ಕಳಿಗೆ ಉಣಿಸುವ ರಾಗಿ ಸರಿಯ ಹಿಟ್ಟನ್ನು, ಹತ್ತಿರದಿಂದ ನೋಡುವುದು ಹೆಚ್ಚು ಫಲಕಾರಿ.

ಹಳೆಯ ಮೈಸೂರು ಸೀಮೆಯಲ್ಲಿ ಸರಿ ಎಂದೂ ಕರಾವಳಿ, ಮಲೆನಾಡುಗಳಲ್ಲಿ ಮಣ್ಣಿ ಎಂದೂ ಕರೆಯುವ ಈ ಗಂಜಿ, ಆರು ತಿಂಗಳು ತುಂಬಿದ ಮಗುವಿಗೆ ತಾಯಿಹಾಲಿನ ಜೊತೆಗೆ ಕೊಡಲು ಆರಂಭಿಸುವ ಮೊದಲ ಆಹಾರಗಳಲ್ಲಿ ಒಂದು. ಮಣ್ಣಿಗೆ ಸಾಮಾನ್ಯವಾಗಿ ರಾಗಿಯನ್ನು ನೆನೆಸಿ ಅರೆದು ಹಾಲು ಹಿಂಡಿದರೆ, ಸರಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯ ಬೇರನ್ನು ಉಜ್ಜಿ ತೆಗೆದು, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಧಾನ್ಯವನ್ನು ನೆನೆಸಿ, ಮೊಳೆಸಿ, ಒಣಗಿಸಿ, ಹದವಾದ ಕಾವು ಕೊಡುವ ಈ ಕ್ರಮಕ್ಕೆ ಆಹಾರವಿಜ್ಞಾನದಲ್ಲಿ ಮಾಲ್ಟಿಂಗ್ ಎಂದು ಹೆಸರು. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಅಂದರೆ ಸಿಎಫ್‌ಟಿಆರ್‌ಐಯಲ್ಲಿ, ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು ಮೊಳೆಸಿದ ರಾಗಿ ಮತ್ತು ಹೆಸರುಕಾಳುಗಳನ್ನು ಬೆರೆಸಿ ರೂಪಿಸಿದ ಶಿಶು ಆಹಾರದ ಬಗ್ಗೆ 1982ರಲ್ಲಿ ಪ್ರಕಟಿಸಿದ ಪ್ರಬಂಧ, ಮನೆಯ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದರ ಒಳಮರ್ಮವನ್ನು ಪ್ರಯೋಗಾಲಯದ ಭಾಷೆಯಲ್ಲಿ ಬಿಡಿಸಿ ತೋರಿಸಿತು. ಮೊಳೆಯದ ರಾಗಿಯ ಹಿಟ್ಟನ್ನು ಕುದಿಸಿದರೆ ಪಿಷ್ಟ ನೀರನ್ನು ಹೀರಿ ಉಬ್ಬಿ ಗಂಜಿ ಮಂದವಾಗುತ್ತದೆ. ಅದನ್ನು ಮಗು ನುಂಗುವಷ್ಟು ತೆಳ್ಳಗೆ ಮಾಡಲು ನೀರು ಸೇರಿಸಿದಷ್ಟೂ ಒಂದೊಂದು ತುತ್ತಿನಲ್ಲಿರುವ ಶಕ್ತಿ ಕಡಿಮೆಯಾಗುತ್ತದೆ, ಮತ್ತು ಪುಟ್ಟ ಹೊಟ್ಟೆ ಬರಿಯ ನೀರಿನಿಂದ ತುಂಬಿಬಿಡುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಣ್ಣ ಸಕ್ಕರೆಗಳಾಗಿ ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಉಳಿಯುತ್ತದೆ. ಇದರ ಜೊತೆಗೆ, ಕಬ್ಬಿಣ ಮತ್ತು ಸುಣ್ಣದ ಅಂಶಗಳನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವ ಫೈಟೇಟ್ ಎಂಬ ಸಂಯುಕ್ತದ ಪ್ರಮಾಣವೂ ಮೊಳಕೆಯಿಂದ ಇಳಿಯುತ್ತದೆ. ತಾಯಿ ನಡೆಸುವ ಗೃಹೋದ್ಯಮದ ನಿಜವಾದ ಬಂಡವಾಳ ಈ ವಿಧಾನವೇ. ಹೊಳೆಯುವ ಪೊಟ್ಟಣವಾಗಲಿ, ಪೊಟ್ಟಣದ ಮೇಲಿನ ಮಮತೆಯ ಮಾತಾಗಲಿ ಅದರ ಜಾಗ ತುಂಬಲಾರವು.

ವಿಮರ್ಶೆ ಆರಂಭವಾಗಬೇಕಾದದ್ದು ಈ ಬಂಡವಾಳವನ್ನು ಉದ್ಯಮ ಎಷ್ಟರ ಮಟ್ಟಿಗೆ ಕಾಪಾಡಿಕೊಂಡಿದೆ ಎಂಬಲ್ಲಿಂದ. ಸಂಶೋಧನಾಲಯದ ಕ್ರಮದಲ್ಲಿ ಮೊಳಕೆ ರಾಗಿಗೆ ಕೊಡುವ ಕಾವು ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಆ ಮಿತಿಯಲ್ಲಿ ಘಮ ಹುಟ್ಟುತ್ತದೆ, ಕಿಣ್ವವೂ ಉಳಿಯುತ್ತದೆ. ಮನೆಯ ಬಾಣಲೆಯಲ್ಲಿ ಕಾಳು ಚಟಪಟ ಎನ್ನುವವರೆಗೆ ಹುರಿದಾಗ ಕಾವು ಅದನ್ನು ಬಹಳ ಮೀರಿ, ಎರಡು ದಿನ ಕಾದು ಮೊಳೆಸಿ ಪಡೆದ ಕಿಣ್ವ ಬಹುಮಟ್ಟಿಗೆ ನಾಶವಾಗುತ್ತದೆ. ಹಾಗೆಂದು ಹುರಿಯುವುದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಒದ್ದೆಬಟ್ಟೆಯ ಬೆಚ್ಚನೆಯ ಕತ್ತಲಲ್ಲಿ ಮೊಳಕೆಯ ಜೊತೆಗೆ ಬೂಷ್ಟು, ಬ್ಯಾಕ್ಟೀರಿಯಾಗಳೂ ಬೆಳೆಯುವುದರಿಂದ, ಅವನ್ನು ತಗ್ಗಿಸುವ ಕೆಲಸವನ್ನು ಹುರಿಯುವ ಕ್ರಿಯೆ ಮಾಡುತ್ತದೆ; ಮಳೆಗಾಲದಲ್ಲಿ ಬಿಸಿಲಿಲ್ಲದೆ ಅರೆಒಣಗಿದ ಕಾಳಿಗೆ ಬಾಣಲೆಯೇ ರಕ್ಷಣೆ. ಈ ಇಕ್ಕಟ್ಟಿಗೆ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ತಾರಾ ಗೋಪಾಲದಾಸ್ ಅವರ ಸಂಶೋಧನೆಯಲ್ಲಿ ಒಂದು ಸರಳ ಪರಿಹಾರವಿದೆ: ಕಡಿಮೆ ಕಾವಿನಲ್ಲಿ ಒಣಗಿಸಿದ ಮೊಳಕೆ ಹಿಟ್ಟನ್ನು ಪ್ರತ್ಯೇಕವಾಗಿಟ್ಟು, ಮಂದವಾಗಿ ಬೆಂದ ಗಂಜಿಗೆ ಅದರ ಸ್ವಲ್ಪ ಭಾಗವನ್ನಷ್ಟೇ ಬೆರೆಸಿದರೆ ಗಂಜಿ ನೋಡನೋಡುತ್ತಿದ್ದಂತೆ ತಿಳಿಯಾಗುತ್ತದೆ. ಹುರಿದ ಹಿಟ್ಟಿನ ದೊಡ್ಡ ಪೊಟ್ಟಣದ ಜೊತೆಗೆ ಮೊಳಕೆ ಹಿಟ್ಟಿನ ಚಿಕ್ಕ ಪೊಟ್ಟಣವೊಂದನ್ನು ಕೊಟ್ಟು, ಬೆರೆಸುವ ಮತ್ತು ಮತ್ತೆ ಕುದಿಸುವ ರೀತಿಯನ್ನು ಬರೆದುಕೊಡುವುದು ಮನೆಯಿಂದ ವ್ಯಾಪಾರ ಮಾಡುವ ತಾಯಿಗೆ ಅಸಾಧ್ಯವಾದ ಕೆಲಸವಲ್ಲ; ಆದರೂ ಅದು ರೂಢಿಗೆ ಬಂದಿಲ್ಲದಿರುವುದು ಈ ಉದ್ಯಮದ ಮೊದಲ ಕೊರತೆ.

ಎರಡನೆಯ ಕೊರತೆ ಇನ್ನೂ ಗಂಭೀರವಾದದ್ದು, ಏಕೆಂದರೆ ಅದು ಮುದ್ರಿತ ಅಂಕಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮತ್ತು ಈ ಸಂಖ್ಯೆ ಗೃಹೋದ್ಯಮದ ಪೊಟ್ಟಣಗಳ ಮೇಲೂ ಪ್ರಚಾರದ ಚಿತ್ರಗಳಲ್ಲೂ ಮತ್ತೆ ಮತ್ತೆ ಎದುರಾಗುತ್ತದೆ. ಆದರೆ ಅದು ಇಡೀ ಕಾಳಿಗೆ ಸಂಬಂಧಿಸಿದ್ದು. ರಾಗಿಯ ಕ್ಯಾಲ್ಸಿಯಂ ಬಹುವಾಗಿ ಸೇರಿಕೊಂಡಿರುವುದು ಅದರ ಕೆಂಪು ಹೊರಸಿಪ್ಪೆಯಲ್ಲಿ. ಸರಿಯ ಹಿಟ್ಟನ್ನು ನುಣುಪಾಗಿಸಲು ಬಟ್ಟೆಯಲ್ಲಿ ಜರಡಿ ಹಿಡಿದಾಗ ಹಿಂದೆ ಉಳಿಯುವ ತೌಡು ಅದೇ ಸಿಪ್ಪೆ. ಎಳೆಯ ಮಗುವಿನ ಜೀರ್ಣಶಕ್ತಿಯ ದೃಷ್ಟಿಯಿಂದ ಸಿಪ್ಪೆಯನ್ನು ತೆಗೆಯುವುದು ಸರಿಯಾದ ಕ್ರಮವಾಗಿರಬಹುದು, ಅದರೊಡನೆ ಟ್ಯಾನಿನ್‌ನಂಥ ಒಗರಿನ ಅಂಶಗಳೂ ಹೋಗುತ್ತವೆ. ಆದರೆ ಸಿಪ್ಪೆ ಕಳೆದ ಹಿಟ್ಟಿಗೆ ಸಿಪ್ಪೆಸಹಿತ ಕಾಳಿನ ಅಂಕಿಯನ್ನು ಅಂಟಿಸುವುದು ಸುಳ್ಳು ಹೇಳಿಕೆಯೇ, ಅದು ಉದ್ದೇಶಪೂರ್ವಕವಲ್ಲದಿದ್ದರೂ. ಇಂಥದೇ ಇನ್ನೊಂದು ಹೇಳಿಕೆ ಗ್ಲುಟೆನ್ ಇಲ್ಲವೆಂಬುದು. ಗೋಧಿಯಲ್ಲಿರುವ ಈ ಅಂಟುಪ್ರೋಟೀನು ರಾಗಿಯಲ್ಲಿ ಇಲ್ಲವೆಂಬುದು ನಿಜವಾದರೂ, ನಮ್ಮ ಕಾನೂನಿನಲ್ಲಿ ಗ್ಲುಟೆನ್‌ಮುಕ್ತವೆಂದು ಬರೆಯಲು ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದೆ. ಬೀದಿಯ ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಬೀಸಿ ತಂದ ರಾಗಿ ಹಿಟ್ಟು ಆ ಮಿತಿಯೊಳಗಿದೆಯೆಂದು ಪರೀಕ್ಷೆಯಿಲ್ಲದೆ ಹೇಳಲು ಯಾರಿಗೂ ಸಾಧ್ಯವಿಲ್ಲ.

ಸಕ್ಕರೆಯ ಮಾತೂ ಹೀಗೆಯೇ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯ ಪ್ರಕಾರ, ಸಕ್ಕರೆ ಸೇರಿಸಿಲ್ಲವೆಂದು ಬರೆಯಬೇಕಾದರೆ ಯಾವ ರೂಪದ ಸಕ್ಕರೆಯನ್ನೂ, ಸಕ್ಕರೆಯ ಬದಲಿಗೆ ಸಿಹಿ ಕೊಡುವ ಒಣಹಣ್ಣಿನ ತಿರುಳಿನಂಥದನ್ನೂ ಹಾಕಿರಬಾರದು. ಬೆಲ್ಲ ಬೆರೆಸಿದ ಹುರಿಹಿಟ್ಟಿಗೆ ಈ ಹೇಳಿಕೆ ಒಪ್ಪುವುದಿಲ್ಲ. ಬಿಳಿ ಸಕ್ಕರೆಯ ಜಾಗದಲ್ಲಿ ಖರ್ಜೂರವನ್ನೇ ಸಿಹಿಗೆ ಹಾಕಿದ ಪುಡಿಗೂ ಒಪ್ಪುವುದಿಲ್ಲ. ಬಾದಾಮಿ, ಗೋಡಂಬಿ, ಪಿಸ್ತಾಗಳೆಂದು ಹತ್ತಾರು ಪದಾರ್ಥಗಳನ್ನು ಒಂದೇ ಪುಡಿಯಲ್ಲಿ ಸೇರಿಸುವ ಹೊಸ ಪದ್ಧತಿ ಬೆಲೆಯನ್ನು ಏರಿಸುತ್ತದೆ ನಿಜ, ಆದರೆ ಮಗುವಿಗೆ ಹೊಸ ಆಹಾರಗಳನ್ನು ಒಂದೊಂದಾಗಿ ಪರಿಚಯಿಸಿ ಒಗ್ಗದಿರುವುದನ್ನು ಗುರುತಿಸಬೇಕೆಂಬ ವೈದ್ಯರ ಸಲಹೆಗೆ ನೇರವಾಗಿ ವಿರುದ್ಧವಾಗಿದೆ. ರಾಗಿಗೆ ಹೆಸರುಕಾಳನ್ನಷ್ಟೇ ಬೆರೆಸಿದ ಸರಳ ಸರಿ ಇಲ್ಲಿ ಹೆಚ್ಚು ವಿವೇಕದ್ದು: ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಹೆಸರುಕಾಳು ತುಂಬಿಕೊಡುತ್ತದೆ, ಮತ್ತು ಮಗುವಿಗೆ ಏನು ಒಗ್ಗಲಿಲ್ಲವೆಂದು ತಿಳಿಯುವುದೂ ಸುಲಭ.

ಇಷ್ಟೆಲ್ಲ ಕೊರತೆಗಳಿದ್ದರೂ ಕೊಳ್ಳುವವರು ಈ ಪೊಟ್ಟಣಗಳನ್ನು ನಂಬುವುದಕ್ಕೆ ಬಲವಾದ ಕಾರಣವಿದೆ, ಮತ್ತು ಆ ಕಾರಣ ಕಾರ್ಖಾನೆಗಳ ನಡವಳಿಕೆಯಲ್ಲಿದೆ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಪ್ರಕಟಿಸಿದ ವರದಿಯೊಂದು, ಭಾರತದಲ್ಲಿ ಮಾರಾಟವಾಗುವ ಹೆಸರಾಂತ ಶಿಶು ಆಹಾರದಲ್ಲಿ ಸೇರಿಸಿದ ಸಕ್ಕರೆಯಿದ್ದು ಯುರೋಪಿನಲ್ಲಿ ಮಾರುವ ಅದೇ ಬಗೆಯ ಆಹಾರದಲ್ಲಿ ಇಲ್ಲವೆಂದು ತಿಳಿಸಿತು. ಅದೇ ತಿಂಗಳು, ನಮ್ಮ ಆಹಾರ ಕಾನೂನಿನಲ್ಲಿ ಆರೋಗ್ಯ ಪಾನೀಯವೆಂಬ ವರ್ಗವೇ ಇಲ್ಲವೆಂಬ ಕಾರಣಕ್ಕೆ, ಆನ್‌ಲೈನ್ ಮಳಿಗೆಗಳು ಹಾಲಿಗೆ ಬೆರೆಸುವ ಪುಡಿಗಳನ್ನು ಆ ಹೆಸರಿನಡಿ ಮಾರಬಾರದೆಂದು ಕೇಂದ್ರ ಸರ್ಕಾರ ಸೂಚಿಸಿತು. ದಶಕಗಳ ಕಾಲ ಜಾಹೀರಾತುಗಳನ್ನು ನಂಬಿ ಮಕ್ಕಳಿಗೆ ಕುಡಿಸಿದ ತಂದೆತಾಯಂದಿರು ಈ ಸುದ್ದಿಗಳ ನಂತರ ಪರಿಚಯದ ತಾಯಿಯ ಕೈಯ ಹಿಟ್ಟಿನ ಕಡೆ ತಿರುಗಿದ್ದರೆ ಅದು ಸಹಜವಾದದ್ದು. ಆ ನಂಬಿಕೆ ಅಮೂಲ್ಯವಾಗಿರುವುದರಿಂದಲೇ, ಕಂಪನಿಗಳು ಮಾಡಿದ ಅತಿಶಯೋಕ್ತಿಯನ್ನು ಗೃಹೋದ್ಯಮ ಚಿಕ್ಕ ಪ್ರಮಾಣದಲ್ಲಿ ಅನುಸರಿಸಕೂಡದು.

ಕಾನೂನಿನ ಒಂದು ಅಂಶ ಇಲ್ಲಿ ವಿವರವಾಗಿ ಹೇಳಬೇಕಾದದ್ದು, ಏಕೆಂದರೆ ಅದು ಈ ವಲಯದಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತಾಯಿಹಾಲನ್ನು ಉತ್ತೇಜಿಸಲು 1992ರಲ್ಲಿ ರೂಪುಗೊಂಡು 2003ರಲ್ಲಿ ಬಿಗಿಗೊಂಡ ಶಿಶುಹಾಲಿನ ಬದಲಿಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯ್ದೆ, ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಿಗೆ ತಾಯಿಹಾಲಿಗೆ ಪೂರಕವೆಂದು ಮಾರುವ ಯಾವುದೇ ಆಹಾರದ ಜಾಹೀರಾತನ್ನು ನಿಷೇಧಿಸುತ್ತದೆ. ಪೊಟ್ಟಣದ ಮೇಲೆ ಮಗುವಿನ ಅಥವಾ ಹೆಂಗಸಿನ ಚಿತ್ರ ಹಾಕುವುದನ್ನೂ ತಡೆಯುತ್ತದೆ. ನಗುವ ಮಗುವಿನ ಚಿತ್ರದೊಡನೆ ಸರಿ ಹಿಟ್ಟನ್ನು ಸಾಮಾಜಿಕ ಮಾಧ್ಯಮದಲ್ಲಿ ಪ್ರಚಾರ ಮಾಡುವ ತಾಯಿ, ಬಹುರಾಷ್ಟ್ರೀಯ ಕಂಪನಿಗಳನ್ನು ಕಟ್ಟಿಹಾಕಲೆಂದು ರೂಪಿಸಿದ ಈ ಕಾಯ್ದೆಯನ್ನು ತನಗರಿವಿಲ್ಲದೆ ಮುರಿಯುತ್ತಾಳೆ. ಪೊಟ್ಟಣದ ಮೇಲಿನ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆಯನ್ನೂ ಕೊಳ್ಳುವವರು ಹಲವೊಮ್ಮೆ ಗುಣಮಟ್ಟದ ಮುದ್ರೆಯೆಂದು ಭಾವಿಸುತ್ತಾರೆ. 2011ರ ನಿಯಮಾವಳಿ ರೂಪಿಸಿದ ವ್ಯವಸ್ಥೆಯಲ್ಲಿ, ಸಣ್ಣ ತಯಾರಕರು 100 ರೂಪಾಯಿ ಶುಲ್ಕ ಕಟ್ಟಿ ಪಡೆಯುವ ಆ ಸಂಖ್ಯೆ, ತಯಾರಕರ ಹೆಸರು, ವಿಳಾಸ ದಾಖಲಾಗಿವೆ ಎಂಬುದನ್ನು ತಿಳಿಸುತ್ತದೆ. ಹಿಟ್ಟನ್ನು ಯಾರೋ ಪರೀಕ್ಷಿಸಿ ಒಪ್ಪಿದ್ದಾರೆಂಬ ಅರ್ಥ ಅದಕ್ಕಿಲ್ಲ.

ಬೆಲೆಯ ವಿಷಯದಲ್ಲಿ ಮಾತ್ರ ಈ ಉದ್ಯಮದ ಮೇಲಿನ ಸಾಮಾನ್ಯ ಆಕ್ಷೇಪವನ್ನು ಒಪ್ಪಲಾಗದು. 2025-26ರಲ್ಲಿ ರಾಗಿಗೆ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ 49 ರೂಪಾಯಿಗಿಂತ ಕಡಿಮೆ; ಸರಿಯ ಹಿಟ್ಟಿನ ಬೆಲೆ ಅದರ ಹಲವು ಪಟ್ಟು ಇರುವುದನ್ನು ಕಂಡು ಲಾಭಕೋರತನವೆನ್ನುವವರಿದ್ದಾರೆ. ಕಲ್ಲು ಆರಿಸುವುದು, ತೊಳೆಯುವುದು, ಎರಡು ಮೂರು ದಿನ ಮೊಳಕೆಗೆ ಕಾಯುವುದು, ಒಣಗಿಸುವುದು, ಬೇರು ಉಜ್ಜುವುದು, ಜರಡಿಯಲ್ಲಿ ಕಳೆದುಹೋಗುವ ತೂಕ, ಗಿರಣಿಯ ಕೂಲಿ ಇವೆಲ್ಲ ಆ ಬೆಲೆಯೊಳಗೆ ಸೇರಬೇಕು, ಮತ್ತು ಬಹಳಷ್ಟು ಮನೆಗಳಲ್ಲಿ ತಾಯಿ ತನ್ನ ದುಡಿಮೆಗೆ ಕೂಲಿಯನ್ನೇ ಹಾಕಿಕೊಳ್ಳುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಅದರಲ್ಲಿ ತೊಡಗುವ ಗಂಡಸರು 97 ನಿಮಿಷ ಕೊಡುತ್ತಿದ್ದರು. ಗೃಹೋದ್ಯಮ ಆ ಮನೆಗೆಲಸದ ಮೇಲೆ ಬೀಳುವ ಹೆಚ್ಚುವರಿ ಹೊರೆ. ಮನೆಯಲ್ಲಿದ್ದುಕೊಂಡೇ ಗಳಿಸುವ ಅವಕಾಶವೆಂದು ಅದನ್ನು ಕೊಂಡಾಡುವ ಬರಹಗಳು ಈ ಹೊರೆಯ ಲೆಕ್ಕವನ್ನು ಬಿಟ್ಟುಬಿಡುವುದು ನೋವಿನ ಸಂಗತಿ.

ಗುಣಮಟ್ಟ ಮತ್ತು ದುಡಿಮೆ, ಈ ಎರಡೂ ಸಮಸ್ಯೆಗಳಿಗೆ ದೇಶದಲ್ಲಿ ಉತ್ತರವೊಂದು ಆಗಲೇ ದೊರೆತಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯಲ್ಲಿ ಹಿಟ್ಟು ಕಲೆಸುವುದು ಶಾಖಾ ಕೇಂದ್ರದಲ್ಲಿ, ಹಪ್ಪಳ ಒತ್ತುವುದು ಮನೆಗಳಲ್ಲಿ. ರುಚಿ ಮತ್ತು ಶುಚಿಯನ್ನು ನಿರ್ಧರಿಸುವ ಹಂತವನ್ನು ಒಂದೆಡೆ ತಂದು, ಕೈಕೆಲಸವನ್ನು ಮನೆಗೆ ಬಿಟ್ಟ ಈ ವಿಭಜನೆಯಲ್ಲಿ ದೊಡ್ಡ ಜಾಣ್ಮೆಯಿದೆ, ಮತ್ತು ದುಡಿಯುವವರೇ ಸಂಸ್ಥೆಯ ಒಡತಿಯರಾದದ್ದರಿಂದ ಕೂಲಿಯ ಪ್ರಶ್ನೆಯೂ ಮರೆಯಾಗಲಿಲ್ಲ. ರಾಗಿ ಸರಿಗೆ ಇದನ್ನು ಅನ್ವಯಿಸಿದರೆ, ಮೊಳೆಸುವುದು, ಹದವಾದ ಕಾವಿನಲ್ಲಿ ಒಣಗಿಸುವುದು ಮತ್ತು ಗೋಧಿ ಮುಟ್ಟದ ಗಿರಣಿಯಲ್ಲಿ ಬೀಸುವುದು ಸಾಮೂಹಿಕ ಘಟಕದಲ್ಲಿ ನಡೆಯಬೇಕು. ಕಾಳು ಆರಿಸುವುದು, ಪೊಟ್ಟಣ ಕಟ್ಟುವುದು, ನೆರೆಹೊರೆಯ ಗಿರಾಕಿಗಳಿಗೆ ಮುಟ್ಟಿಸುವುದು ಮನೆಗಳಿಗೆ ಸೇರಬೇಕು. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಒಂಟಿ ಉದ್ಯಮಿಗೆ ಗರಿಷ್ಠ 10 ಲಕ್ಷ ರೂಪಾಯಿಯ ಮಿತಿಯಲ್ಲಿ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನವಿದ್ದಂತೆ, ಸಾಮೂಹಿಕ ಘಟಕಗಳಿಗೂ ನೆರವಿದೆ. ಒಬ್ಬೊಬ್ಬ ತಾಯಿಗೆ ಒಂದೊಂದು ಯಂತ್ರ ಕೊಡಿಸುವುದಕ್ಕಿಂತ ಈ ಎರಡನೆಯ ನೆರವನ್ನು ತಾಲ್ಲೂಕು ಮಟ್ಟದ ಮೊಳಕೆ ಘಟಕಗಳಿಗೆ ತಿರುಗಿಸುವುದು ಸ್ತ್ರೀಶಕ್ತಿ ಸಂಘಗಳೂ ಕೃಷಿ ಇಲಾಖೆಯೂ ಮೊದಲು ಕೈಗೆತ್ತಿಕೊಳ್ಳಬೇಕಾದ ಕೆಲಸ. ಅಲ್ಲಿಯವರೆಗೆ, ಪರಿಚಯದ ಮನೆಯಿಂದ ಸರಿ ಹಿಟ್ಟು ತರಿಸುವ ಓದುಗರು ಹಿಟ್ಟು ಬೀಸಿದ ದಿನಾಂಕ, ಹುರಿದ ಬಗೆ, ಜರಡಿ ಹಿಡಿದದ್ದು ಎಷ್ಟು, ಗಿರಣಿ ಯಾವುದು ಎಂಬ ನಾಲ್ಕು ವಿಷಯಗಳನ್ನು ಸಂಕೋಚವಿಲ್ಲದೆ ಕೇಳಲಿ, ಮತ್ತು ಸರಿಯಾದ ಉತ್ತರ ಕೊಟ್ಟ ತಾಯಿಗೆ ಆಕೆ ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಲಿ.