ಚರ್ಮ ಬಲ್ಲ ಲೆಕ್ಕ
ಬಿಸಿಲಿನಲ್ಲಿ ಡಿ ವಿಟಮಿನ್ ತಯಾರಿಸುವ ಚರ್ಮದ ಕಸುಬು ನನಗೆ ಮುಗಿಯದ ಬೆರಗು. 290ರಿಂದ 315 ನ್ಯಾನೊಮೀಟರಿನ ಯುವಿ-ಬಿ ಕಿರಣ ತಾಗಿದೊಡನೆ ಅಲ್ಲಿನ 7-ಡಿಹೈಡ್ರೊಕೊಲೆಸ್ಟರಾಲ್ ಅಣುವಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಹೀಗಾದ ಅರೆಬೆಂದ ವಿಟಮಿನ್ನನ್ನು ಪೂರ್ತಿ ಬೇಯಿಸುವ ಕೆಲಸ ಮೈಶಾಖದ್ದು. ಇದಕ್ಕಿಂತ ಸೊಗಸು, ಎಲ್ಲಿ ನಿಲ್ಲಬೇಕೆಂಬ ಅರಿವು. ಬಿಸಿಲು ಹೆಚ್ಚಾದರೆ ಆ ಅರೆಬೆಂದ ವಿಟಮಿನ್ನೇ ಲ್ಯೂಮಿಸ್ಟೆರಾಲ್, ಟ್ಯಾಕಿಸ್ಟೆರಾಲ್ ಎಂಬ, ಡಿ ಅಲ್ಲದ ಅಣುಗಳಾಗಿ ತಿರುಗುತ್ತದೆ. ಹಾಗಾಗಿ ಮಾತ್ರೆ ಅತಿಯಾಗಿ ನುಂಗಿದರೆ ವಿಷವಾದೀತು, ಬಿಸಿಲಿನ ಡಿ ಹಾಗಾಗದು. ಆದರೆ ಚರ್ಮದ ಡಿಎನ್‌ಎಗೆ ತಗಲುವ ಹಾನಿಗೆ ಇಂಥ ಮಿತಿಯಿಲ್ಲ, ನಿಂತಷ್ಟೂ ಬೆಳೆಯುತ್ತದೆ. ಗಂಟೆಗಟ್ಟಲೆ ಒಣಗಬೇಡಿ ಎನ್ನುವುದು ಇದಕ್ಕೇ. ನಮ್ಮಂಥ ಕಪ್ಪು ಮೈಗೆ, ಮೆಲನಿನ್ ಕಿರಣವನ್ನು ಹೀರುವುದರಿಂದ, ತುಸು ಹೆಚ್ಚು ಹೊತ್ತು ಬೇಕು. ಮುಂಜಾವಿನ ಎಳೆಬಿಸಿಲು ಹಿತವೇ, ಆದರೆ ಅದರಲ್ಲಿ ಯುವಿ-ಬಿ ತೀರ ಕಡಿಮೆ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದ ಹೊತ್ತೇ ಸರಿ. ಕಿಟಕಿ ಗಾಜಿನ ಹಿಂದಂತೂ ಪ್ರಯೋಜನವಿಲ್ಲ.