ಹೆಸರಿಲ್ಲದ ಚಕ್ರವರ್ತಿ: ಮಿನಾರ್‌ನ ನಕ್ಷೆಯೂ 1812ರ ದಂಡಯಾತ್ರೆಯೂ

1869ರ ನವೆಂಬರ್ 20ರ ದಿನಾಂಕ ಹೊತ್ತು ಪ್ಯಾರಿಸಿನಲ್ಲಿ ಅಚ್ಚಾದ ಒಂದು ಹಾಳೆಯಲ್ಲಿ ಎರಡು ನಕ್ಷೆಗಳಿವೆ: ಮೇಲಿನದು ಹ್ಯಾನಿಬಲ್ ಸ್ಪೇನಿನಿಂದ ಆಲ್ಪ್ಸ್ ದಾಟಿ ಇಟಲಿಗೆ ನಡೆಸಿದ ಸೈನ್ಯದ್ದು, ಕೆಳಗಿನದು 1812ರಲ್ಲಿ ರಷ್ಯಾಕ್ಕೆ ಹೋಗಿ ಮರಳಿದ ಫ್ರೆಂಚ್ ಸೈನ್ಯದ್ದು. ಸೇತುವೆ, ರಸ್ತೆ, ಕಾಲುವೆಗಳ ಸರಕಾರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾಗಿದ್ದ ಶಾರ್ಲ್ ಜೋಸೆಫ್ ಮಿನಾರ್ ಇವನ್ನು ರಚಿಸಿದಾಗ ಅವನಿಗೆ 88 ವರ್ಷ. ಕೆಳಗಿನ ನಕ್ಷೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ ಮೆಚ್ಚಿದ. 1983ರಲ್ಲಿ ಎಡ್ವರ್ಡ್ ಟಫ್ಟಿ ಅದನ್ನು ಅಂಕಿಅಂಶಗಳ ಚಿತ್ರಣದ ಅತ್ಯುತ್ತಮ ಮಾದರಿಯೆಂಬಂತೆ ಎತ್ತಿಹಿಡಿದ ಮೇಲೆ ಅದರ ಖ್ಯಾತಿ ಜಗತ್ತಿಗೇ ಹರಡಿತು. ಈ ಮೆಚ್ಚುಗೆ ಸಲ್ಲಬೇಕಾದದ್ದೇ. ಆದರೆ ನಕ್ಷೆಯ ಅಂಕಿಗಳು ಸಾಧಿಸಿ ತೋರುವುದು ಒಂದು, ನೋಡಿದವರ ಮನಸ್ಸಿನಲ್ಲಿ ಅದು ಉಳಿಸಿಹೋಗುವುದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಹೊಗಳಿಕೆಯ ಮಾತುಗಳು ಹೆಚ್ಚಾಗಿ ಗಮನಿಸಿಲ್ಲ.

ನಕ್ಷೆಯ ತಂತ್ರ ಸರಳವಾದದ್ದು. ಸೈನ್ಯ ಸಾಗಿದ ದಾರಿಯನ್ನು ಒಂದು ಪಟ್ಟೆಯಾಗಿ ಎಳೆಯಲಾಗಿದ್ದು, ಅದರ ಒಂದು ಮಿಲಿಮೀಟರ್ ಅಗಲ 10,000 ಸೈನಿಕರಿಗೆ ಸಮ. ಒಳಹೋಗುವ ಪಟ್ಟೆಗೆ ಒಂದು ತಿಳಿಬಣ್ಣ, ಹಿಂದಿರುಗುವ ಪಟ್ಟೆಗೆ ಕಪ್ಪು. ನೀಮೆನ್ ನದಿಯ ದಂಡೆಯ ಕೊವ್ನೊದಲ್ಲಿ 4,22,000 ಜನರೊಂದಿಗೆ ನಾಲ್ಕು ಸೆಂಟಿಮೀಟರಿಗೂ ಮಿಗಿಲಾದ ಅಗಲದಲ್ಲಿ ಹೊರಡುವ ಪಟ್ಟೆ ಮಾಸ್ಕೋ ಮುಟ್ಟುವಾಗ 1,00,000ಕ್ಕೆ ಇಳಿದಿರುತ್ತದೆ. ಮರಳಿ ಕೊವ್ನೊಕ್ಕೆ ಬರುವಾಗ ಉಳಿದದ್ದು 10,000, ಅಂದರೆ ಒಂದು ಮಿಲಿಮೀಟರ್. ಹೊರಟಾಗಿನ ಅಗಲವೂ ಮರಳಿದಾಗಿನ ಎಳೆಯೂ ಒಂದೇ ಊರಿನಲ್ಲಿ ಅಕ್ಕಪಕ್ಕ ಸೇರುವುದರಿಂದ ಲೆಕ್ಕವನ್ನು ಬಾಯಲ್ಲಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಇಡೀ ಹಾಳೆಯಲ್ಲಿ ನೆಪೋಲಿಯನ್ನನ ಹೆಸರಿಲ್ಲ. ವೀರನನ್ನು ನಡುವೆ ನಿಲ್ಲಿಸಿ ಸೈನ್ಯವನ್ನು ಹಿನ್ನೆಲೆಗೆ ಸರಿಸಿದ ಆ ಕಾಲದ ಚಿತ್ರಕಲೆಗೆ ಈ ಮೌನವೇ ಒಂದು ಉತ್ತರ.

ಈ ಪಟ್ಟೆ ಏಕೆ ಸವೆಯಿತೆಂಬುದನ್ನು ತಿಳಿಯಲು ಅದು ಹಿಂದೆ ಏಕೆ ಸವೆದಿರಲಿಲ್ಲ ಎಂಬುದನ್ನು ನೋಡಬೇಕಾಗುತ್ತದೆ. 1769ರಲ್ಲಿ ಕಾರ್ಸಿಕಾದ ಅಜಾಕ್ಸಿಯೊದಲ್ಲಿ ಹುಟ್ಟಿ, 1804ರ ಡಿಸೆಂಬರ್ 2ರಂದು ನೋತ್ರ್ ದಾಮ್ ಇಗರ್ಜಿಯಲ್ಲಿ ತನ್ನ ಕೈಯಿಂದಲೇ ಕಿರೀಟ ಧರಿಸಿದ ನೆಪೋಲಿಯನ್ನನ ಗೆಲುವುಗಳಿಗೆಲ್ಲ ವೇಗವೇ ಆಧಾರ. ಉಗ್ರಾಣಗಳನ್ನೂ ಬಂಡಿಗಳ ಸಾಲನ್ನೂ ಎಳೆದುಕೊಂಡು ನಡೆಯುವ ಹಳೆಯ ಪದ್ಧತಿಯ ಬದಲು, ಸೈನ್ಯವನ್ನು ‘ಕೋರ್’ ಎಂಬ ಸ್ವಯಂಪೂರ್ಣ ದಳಗಳಾಗಿ ಒಡೆದು ಬೇರೆ ಬೇರೆ ದಾರಿಗಳಲ್ಲಿ ಹರಿಯಬಿಟ್ಟು, ದಾರಿಯ ಹಳ್ಳಿಗಳಿಂದಲೇ ಹೊಟ್ಟೆ ತುಂಬಿಸಿಕೊಂಡು, ಕಾಳಗದ ಹೊತ್ತಿಗೆ ಒಂದೆಡೆ ಕೂಡಿಸುವುದು ಅವನ ಕ್ರಮವಾಗಿತ್ತು. ದಾನ್ಯೂಬ್ ಕೊಳ್ಳದಂತಹ ಫಲವತ್ತಾದ, ಜನ ಒತ್ತೊತ್ತಾಗಿ ನೆಲೆಸಿದ ನಾಡಿನಲ್ಲಿ, ಅದೂ ಕೊಯ್ಲು ಮುಗಿದ ಕಾಲದಲ್ಲಿ, ಇದು ಅದ್ಭುತವಾಗಿ ನಡೆಯಿತು: 1805ರಲ್ಲಿ ಊಲ್ಮ್ ಮತ್ತು ಆಸ್ಟರ್‌ಲಿಟ್ಜ್, 1806ರಲ್ಲಿ ಯೇನಾ, 1807ರಲ್ಲಿ ಟಿಲ್ಸಿಟ್ ಒಪ್ಪಂದ. ಯುದ್ಧದ ಖರ್ಚನ್ನು ಸೋತವರಿಂದಲೇ ವಸೂಲು ಮಾಡುವ, ಯುದ್ಧಕ್ಕೆ ಯುದ್ಧವೇ ಅನ್ನ ಹಾಕುವ ಈ ವ್ಯವಸ್ಥೆಗೆ ಮೂರು ಸಂಗತಿಗಳು ಬೇಕಿದ್ದವು: ಶತ್ರು ಬೇಗ ಕಾಳಗಕ್ಕೆ ನಿಲ್ಲಬೇಕು, ನೆಲದಲ್ಲಿ ಕಾಳಿರಬೇಕು, ದೂರ ಕಡಿಮೆಯಿರಬೇಕು.

ಮೂರೂ ಕೈಕೊಟ್ಟ ನಾಡು ರಷ್ಯಾ. ಬ್ರಿಟನ್ನಿನ ಸರಕಿಗೆ ಯೂರೋಪಿನ ಬಂದರುಗಳನ್ನು ಮುಚ್ಚುವ ‘ಖಂಡಾಂತರ ದಿಗ್ಬಂಧನ’ವನ್ನು ನೆಪೋಲಿಯನ್ 1806ರಲ್ಲಿ ಬರ್ಲಿನ್ನಿನಿಂದ ಘೋಷಿಸಿದ್ದ, ತ್ಸಾರ್ ಅಲೆಕ್ಸಾಂಡರ್ ಅದರಿಂದ ಹಿಂದೆ ಸರಿದದ್ದು 1812ರ ದಂಡಯಾತ್ರೆಗೆ ಮುಖ್ಯ ಕಾರಣಗಳಲ್ಲಿ ಒಂದು. ಸಿದ್ಧತೆಯೇ ಇರಲಿಲ್ಲವೆಂದರೆ ಅನ್ಯಾಯವಾದೀತು. ಬಾಲ್ಟಿಕ್ ತೀರದ ಡಾನ್‌ಜಿಗ್‌ನಂತಹ ಊರುಗಳಲ್ಲಿ ದಾಸ್ತಾನು ಕೂಡಿಸಲಾಗಿತ್ತು, ಸಾವಿರಾರು ಬಂಡಿಗಳಿದ್ದವು. ಆದರೆ ಲಿಥುವೇನಿಯಾದ ಮಣ್ಣುದಾರಿಗಳಲ್ಲಿ ಭಾರದ ಬಂಡಿಗಳು ಹಿಂದುಳಿದವು, ಹಸಿ ಬೆಳೆಯನ್ನು ಮೇವಾಗಿ ತಿಂದ ಕುದುರೆಗಳು ಸಾವಿರಗಟ್ಟಲೆ ಸತ್ತವು, ಬಿಸಿಲು, ಆಮಶಂಕೆ, ಟೈಫಸ್ ಜ್ವರಗಳು ಕಾಲಾಳುಗಳನ್ನು ಕೆಡವಿದವು. ಜೂನ್ 24ರಂದು ನೀಮೆನ್ ಹೊಳೆ ದಾಟಿದ ಸೈನ್ಯ ಮಿನಾರ್‌ನ ಎಣಿಕೆಯಲ್ಲಿ ವೀಟೆಬ್ಸ್ಕ್ ಬಳಿ 1,75,000, ಸ್ಮೊಲೆನ್ಸ್ಕ್‌ನಲ್ಲಿ 1,45,000, ಬೊರೊಡಿನೊದ ಸಮೀಪ 1,27,100. ಉತ್ತರಕ್ಕೆ ಕವಲೊಡೆದ 22,000 ಮತ್ತು ಪೊಲೊಟ್ಸ್ಕ್ ಕಡೆಗೆ ತಿರುಗಿದ 60,000 ಜನರನ್ನು ಕಳೆದರೂ, ಮುಖ್ಯ ದಾರಿಯಲ್ಲಿ 3,40,000 ಇದ್ದದ್ದು ಸೆಪ್ಟೆಂಬರ್ 14ರಂದು ಮಾಸ್ಕೋ ಸೇರುವಾಗ 1,00,000 ಆಗಿತ್ತು. ಹನ್ನೆರಡು ವಾರಗಳಲ್ಲಿ, ಒಂದು ಹನಿ ಹಿಮವೂ ಬೀಳುವ ಮೊದಲೇ, 2,40,000 ಜನ ಪಟ್ಟೆಯಿಂದ ಉದುರಿದ್ದರು. ಮರಳುವ ದಾರಿಯಲ್ಲಿ ಉದುರಿದವರ ಸಂಖ್ಯೆ ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ.

ಹೀಗಿದ್ದೂ ನಕ್ಷೆಯನ್ನು ನೋಡಿದವರಿಗೆ ನೆನಪಾಗಿ ಉಳಿಯುವುದು ಚಳಿ. ಕಾರಣವನ್ನು ನಕ್ಷೆಯೇ ಒದಗಿಸುತ್ತದೆ. ಕಪ್ಪು ಪಟ್ಟೆಯ ಅಡಿಯಲ್ಲಿ ಮಿನಾರ್ ತಾಪಮಾನದ ಗೆರೆಯೊಂದನ್ನು ಎಳೆದು, ಲಂಬರೇಖೆಗಳಿಂದ ಪಟ್ಟೆಗೆ ಜೋಡಿಸಿದ್ದಾನೆ. ಆಗ ಬಳಕೆಯಲ್ಲಿದ್ದ, ನೀರು 80 ಡಿಗ್ರಿಗೆ ಕುದಿಯುವ ರಿಯೋಮರ್ ಮಾಪಕದಲ್ಲಿ ಅದು ಅಕ್ಟೋಬರ್ 18ರ ಸೊನ್ನೆಯಿಂದ ಡಿಸೆಂಬರ್ 6ರ ಸೊನ್ನೆಗಿಂತ ಕೆಳಗಿನ 30 ಡಿಗ್ರಿಗೆ ಇಳಿಯುತ್ತದೆ. ಒಳಹೋಗುವ ಪಟ್ಟೆಗೆ ಇಂತಹ ಗೆರೆಯಿಲ್ಲ: ಬೇಸಗೆಯ ಬಿಸಿಲಿಗೂ ಇಲ್ಲ, ಮೇವಿಗೂ ಇಲ್ಲ, ಜ್ವರಕ್ಕೂ ಇಲ್ಲ. ಒಂದು ನಷ್ಟಕ್ಕೆ ಮಾತ್ರ ಕಾರಣ ಬರೆದು ಇನ್ನೊಂದಕ್ಕೆ ಬರೆಯದೆ ಬಿಟ್ಟರೆ, ಬರೆದ ಕಾರಣವೇ ಇಡೀ ಕಥೆಯ ಕಾರಣವಾಗಿಬಿಡುತ್ತದೆ. ವಾಸ್ತವವಾಗಿ ಗೆರೆ ಮೊದಲ ಸಲ ಕಡಿದಾಗಿ ಕುಸಿಯುವ ನವೆಂಬರ್ 9ರ ಹೊತ್ತಿಗೆ ಕಪ್ಪು ಪಟ್ಟೆ ಆಗಲೇ ಸುಮಾರು ಅರ್ಧವಾಗಿತ್ತು. ಮಾಲೊಯರಸ್ಲಾವೆಟ್ಸ್ ಕಾಳಗದ ಬಳಿಕ, ತಾನೇ ಬರಿದು ಮಾಡಿದ್ದ ಸ್ಮೊಲೆನ್ಸ್ಕ್ ದಾರಿಯಲ್ಲೇ ಮರಳಬೇಕಾಗಿ ಬಂದ ಸೈನ್ಯವನ್ನು ಚಳಿ ಕೊಂದಿತೆಂಬುದು ನಿಜ, ಆದರೆ ಹಸಿದ ಮೈಯನ್ನು ಚಳಿ ಕೊಂದಿತೆಂಬುದು ಪೂರ್ಣಸತ್ಯ.

ಇಲ್ಲಿಯೇ ನಕ್ಷೆಯ ವ್ಯಂಗ್ಯವೂ ಇದೆ. ಚಳಿಯ ವಾದವನ್ನು ಮೊದಲು ಮುಂದಿಟ್ಟವನು ಚಕ್ರವರ್ತಿಯೇ. ಡಿಸೆಂಬರ್ 3ರಂದು ಮೊಲೊಡೆಚ್ನೊದಿಂದ ಹೊರಟ ಇಪ್ಪತ್ತೊಂಬತ್ತನೆಯ ಸೇನಾಪ್ರಕಟಣೆ ಅನಾಹುತದ ಹೊಣೆಯನ್ನು ಹವೆಯ ಮೇಲೆ ಹೊರಿಸಿ, ಚಕ್ರವರ್ತಿಯ ಆರೋಗ್ಯ ಎಂದಿಗಿಂತ ಚೆನ್ನಾಗಿದೆಯೆಂದು ಮುಗಿಯಿತು. ಎರಡು ದಿನಗಳ ನಂತರ ಅವನು ಸೈನ್ಯವನ್ನು ಬಿಟ್ಟು ಪ್ಯಾರಿಸಿಗೆ ಹೊರಟ. ಅವನ ಹೆಸರನ್ನೇ ಹೊರಗಿಟ್ಟ ನಕ್ಷೆ ಅವನ ನೆಪವನ್ನು ಒಳಗೆ ಬಿಟ್ಟುಕೊಂಡಿತು.

ಇತರ ಕೊರತೆಗಳೂ ಇವೆ. ‘ಫ್ರೆಂಚ್ ಸೈನ್ಯ’ವೆಂದು ಕರೆದ ಈ ದಂಡಿನಲ್ಲಿ ಪೋಲರು, ಜರ್ಮನರು, ಇಟಾಲಿಯನ್ನರು ಭಾರೀ ಸಂಖ್ಯೆಯಲ್ಲಿದ್ದರು. ಪಟ್ಟೆಯ ಕಿರಿದಾಗುವಿಕೆಯಲ್ಲಿ ಸತ್ತವರು, ಸೆರೆಸಿಕ್ಕವರು, ಓಡಿಹೋದವರು, ಕಾವಲಿಗೆಂದು ಊರುಗಳಲ್ಲಿ ಉಳಿದವರು ಎಲ್ಲರೂ ಒಂದೇ ಆಗಿಬಿಡುತ್ತಾರೆ. ರಷ್ಯನ್ ಸೈನ್ಯಕ್ಕೆ ಒಂದು ಎಳೆಯೂ ಇಲ್ಲ; ಮನೆಮಠ ಸುಟ್ಟುಕೊಂಡ ರೈತರಿಗೆ ಒಂದು ಚುಕ್ಕೆಯೂ ಇಲ್ಲ. ಜೆರೋಮ್ ಮತ್ತು ದಾವೂ ಅವರ ಬೇರ್ಪಟ್ಟ ದಳಗಳನ್ನು ಮುಖ್ಯ ಸೈನ್ಯದೊಡನೆಯೇ ನಡೆದವೆಂದು ಭಾವಿಸಿಕೊಂಡದ್ದಾಗಿ ಮಿನಾರ್ ತಾನೇ ಪ್ರಾಮಾಣಿಕವಾಗಿ ಬರೆದಿದ್ದಾನೆ. ಮತ್ತೊಂದೆಡೆ ನಿಧಾನವಾಗಿ ನೋಡಿದವರಿಗೆ ಮಾತ್ರ ನಕ್ಷೆ ಬಿಟ್ಟುಕೊಡುವ ಸತ್ಯಗಳಿವೆ. ಬೆರೆಜಿನಾ ಹೊಳೆಯ ಮುಂಚೆ 20,000ಕ್ಕೆ ಇಳಿದಿದ್ದ ಪಟ್ಟೆಗೆ ಪೊಲೊಟ್ಸ್ಕ್‌ನಿಂದ ಬಂದ 30,000 ಜನ ಕೂಡಿ 50,000 ಆಗುತ್ತದೆ, ಹೊಳೆ ದಾಟಿದೊಡನೆ 28,000. ಕೊನೆಗೆ ಉಳಿದ 10,000ದಲ್ಲಿ 6,000 ಮಂದಿ ಉತ್ತರದ ಕವಲಿನವರು, ಮಾಸ್ಕೋವನ್ನು ಕಣ್ಣಿಂದಲೂ ಕಾಣದವರು.

ಅನ್ನದ ಪ್ರಶ್ನೆಯೇ ನಿರ್ಣಾಯಕವೆಂಬುದಕ್ಕೆ ಎಚ್ಚರಿಕೆ ರಷ್ಯಾಕ್ಕೆ ಮೊದಲೇ ಬಂದಿತ್ತು, ಅದರ ಒಂದು ಬೇರು ಕನ್ನಡ ನಾಡಿನಲ್ಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ವಹಿಸಿಕೊಂಡ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಗೆ ಟಿಪ್ಪುವಿನ ಅಮೃತ ಮಹಲಿನ ಎತ್ತುಗಳು ದೊರೆತವು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯಿಂದ ಬೆಳೆದುಬಂದ, ತೋಪು ಎಳೆದು ದಿನಗಟ್ಟಲೆ ನಡೆಯಬಲ್ಲ ತಳಿ ಅದು. ಬಂಡಾಯಗಾರ ಧೋಂಡಿಯ ವಾಘನನ್ನು ಬೆನ್ನಟ್ಟುವಾಗಲೂ ಮರಾಠರ ಮೇಲೆ ಹೋಗುವಾಗಲೂ ಅವನ ದಂಡಿನ ನಡೆ ಎತ್ತು ಮತ್ತು ಅಕ್ಕಿಯ ಲೆಕ್ಕವನ್ನು ಆಧರಿಸಿತ್ತು. ಅದೇ ವೆಲ್ಲೆಸ್ಲಿ, ವೆಲಿಂಗ್ಟನ್ನನಾಗಿ, 1810ರಲ್ಲಿ ಪೋರ್ಚುಗಲ್ಲಿನ ಟೊರೆಸ್ ವೆದ್ರಾಸ್ ಕೋಟೆಸಾಲಿನ ಹಿಂದೆ ಕುಳಿತು, ಮುಂದಿನ ಸೀಮೆಯನ್ನು ಬರಿದು ಮಾಡಿಸಿದಾಗ, ಊರಿನ ಕಾಳನ್ನೇ ನಂಬಿ ಬಂದ ಫ್ರೆಂಚ್ ಮಾರ್ಷಲ್ ಮಾಸೆನಾನ ಸೈನ್ಯ ಹಸಿದು ಹಿಂದಿರುಗಬೇಕಾಯಿತು. ಆ ಪಾಠ ನೀಮೆನ್ ದಂಡೆಯವರೆಗೆ ತಲುಪಲಿಲ್ಲ. ನೆಪೋಲಿಯನ್ನನ 1814ರ ಪದತ್ಯಾಗ, ಎಲ್ಬಾ, 1815ರ ಜೂನ್ 18ರ ವಾಟರ್ಲೂ, 1821ರಲ್ಲಿ ಸೇಂಟ್ ಹೆಲೆನಾದ ಸಾವು ಇವೆಲ್ಲಕ್ಕೂ ಅನುಭವಿ ಸೈನಿಕರನ್ನೂ ಕುದುರೆಗಳನ್ನೂ ಕಳೆದುಕೊಂಡ 1812ರ ಆ ಒಂದು ಬೇಸಗೆಯೇ ದಾರಿ ತೆರೆಯಿತು.

ಮಿನಾರ್ ಈ ಹಾಳೆಯನ್ನು ಅಚ್ಚು ಹಾಕಿಸಿದ್ದು ನೆಪೋಲಿಯನ್ನನ ತಮ್ಮನ ಮಗ ಮೂರನೆಯ ನೆಪೋಲಿಯನ್ ಆಳುತ್ತಿದ್ದಾಗ. ಹತ್ತು ತಿಂಗಳೊಳಗೆ, 1870ರ ಸೆಪ್ಟೆಂಬರ್ 2ರಂದು, ಆ ಚಕ್ರವರ್ತಿಯೂ ಸೆದಾನ್‌ನಲ್ಲಿ ಪ್ರಷ್ಯನ್ನರ ಸೆರೆಯಾದ. ಪ್ಯಾರಿಸ್ ಬಿಟ್ಟು ಬೊರ್ದೋಗೆ ಹೋದ ಮುದುಕ ಮಿನಾರ್ ಅಕ್ಟೋಬರಿನಲ್ಲಿ ತೀರಿಕೊಂಡ. ಅವನ ನಕ್ಷೆಯಲ್ಲಿ ತಾಪಮಾನದ ಗೆರೆಯನ್ನು ಬಲದಿಂದ ಎಡಕ್ಕೆ ಓದಬೇಕು, ತಿಳಿಬಣ್ಣದ ಪಟ್ಟೆಯನ್ನು ಎಡದಿಂದ ಬಲಕ್ಕೆ. ಬಲದಿಂದ ಓದಲಾರಂಭಿಸಿದವರಿಗೆ ಸಿಗುವುದು ಹವೆಯ ಕಥೆ. ಎಡದಿಂದ ಓದಲಾರಂಭಿಸಿದವರಿಗೆ ಸಿಗುವುದು ಒಂದು ಪದ್ಧತಿಯ ಕಥೆ, ಮತ್ತು ಆ ಕಥೆ ಮಾಸ್ಕೋ ತಲುಪುವ ಮೊದಲೇ ಬಹುಪಾಲು ಮುಗಿದಿರುತ್ತದೆ.